ಗಾಲ್ಫ್: ಒತ್ತಡದಲ್ಲಿ ಕೈಹಿಡಿಯೋ ಒಂದು ಶಾಟ್. ಯಾವುದನ್ನ ಆರಿಸ್ಕೋಬೇಕು, ಹೇಗೆ ಕಟ್ಟಬೇಕು?

ಹದಿನೆಂಟನೇ ಟೀ

ಎಡಗಡೆ ಉದ್ದಕ್ಕೂ ಓ.ಬಿ. (ಔಟ್ ಆಫ್ ಬೌಂಡ್ಸ್, ಕೋರ್ಸಿನ ಗಡಿಯಾಚೆ), ಬಲಗಡೆ ಮರಗಳು, ಚೆಂಡು ಬೀಳೋ ಜಾಗದಲ್ಲಿ ಫೇರ್‌ವೇ (ನಡುವಿನ ಕತ್ತರಿಸಿದ ಹುಲ್ಲಿನ ಹಾದಿ) ಅಗಲ 25 ಯಾರ್ಡ್. ಇಂಥ ಹೋಲ್‌ನಲ್ಲಿ ನಂಬಿ ಹೊಡೆಯಬಹುದಾದ ಒಂದೇ ಒಂದು ಟೀ ಶಾಟ್ (ಹೋಲಿನ ಮೊದಲ ಹೊಡೆತ) ಕಟ್ಟಿಕೊಳ್ಳಬೇಕು. ಬಲಗೈ ಆಟ, ಹ್ಯಾಂಡಿಕ್ಯಾಪ್ 16 (ಮಧ್ಯಮ ಮಟ್ಟದ ಹವ್ಯಾಸಿ), ಚೆಂಡು ಸಾಮಾನ್ಯವಾಗಿ ಬಲಕ್ಕೆ ತಿರುಗುತ್ತೆ.

ಫೇಡ್ (ಬಲಕ್ಕೆ ತಿರುಗೋ ಶಾಟ್) ಕಟ್ಟೋದಾ, ಡ್ರಾ (ಎಡಕ್ಕೆ ತಿರುಗೋದು) ಕಟ್ಟೋದಾ? ಯಾವ ಕ್ಲಬ್ಬಿಂದ ಶುರು ಮಾಡೋದು? ಇನ್ನು ಇದನ್ನ ಪಂದ್ಯದಲ್ಲಿ ನಂಬಬಹುದು ಅಂತ ಹೇಗೆ ಗೊತ್ತಾಗುತ್ತೆ? ವಿಡಿಯೋ ಲಿಂಕ್ ಬೇಡ. "ಹೀಗೆ ಮಾಡಿ" ಅನ್ನೋದರ ಜೊತೆ "ಯಾಕೆ" ಅನ್ನೋದನ್ನೂ ಬರೆದರೆ ಉಪಕಾರ.

ಡಿವಟ್ ಓದುಗ

ಮೊದಲ ಪ್ರಶ್ನೆಗೆ ನಿಮ್ಮ ಚೆಂಡು ಆಗಲೇ ಉತ್ತರ ಕೊಟ್ಟಿದೆ ಸರ್. ಬಲಕ್ಕೆ ತಿರುಗುತ್ತೆ ಅಂದ ಮೇಲೆ ಫೇಡ್ ಕಟ್ಟಿ. ಆದರೂ ಒಮ್ಮೆ ಖಾತ್ರಿ ಮಾಡ್ಕೊಳ್ಳಿ: 7 ಐರನ್ (ಮಧ್ಯಮ ದೂರದ ಕ್ಲಬ್) ತಗೊಂಡು ಒಂದೇ ಗುರಿಗೆ 20 ಚೆಂಡು ಹೊಡೀರಿ, ಏನನ್ನೂ ತಿದ್ದೋಕೆ ಹೋಗಬೇಡಿ. ಪ್ರತಿ ಚೆಂಡಿಗೂ ಎರಡು ವಿಷಯ ಬರೆದಿಡಿ. ಎತ್ತ ಹೊರಟಿತು, ಆಮೇಲೆ ಎತ್ತ ತಿರುಗಿತು. ಬಹಳ ಜನ ಎಲ್ಲಿ ಬಿತ್ತು ಅನ್ನೋದನ್ನ ಮಾತ್ರ ನೋಡ್ತಾರೆ, ಅದರಿಂದ ಕಾರಣ ತಿಳಿಯೋದಿಲ್ಲ. 20ರಲ್ಲಿ 14 ಒಂದೇ ಕಡೆ ತಿರುಗಿದರೆ ಅದೇ ನಿಮ್ಮ ಶಾಟ್.

ಫೇಡೇ ಮೇಲು, ಡ್ರಾ ಅಪಾಯ ಅನ್ನೋ ಮಾತನ್ನ ನಾನು ಒಪ್ಪೋದಿಲ್ಲ. ಬೆನ್ ಹೋಗನ್ ಹುಕ್ (ಎಡಕ್ಕೆ ಜೋರಾಗಿ ತಿರುಗೋ ಶಾಟ್) ಬಿಟ್ಟು ಫೇಡಿಗೆ ಬಂದ ಮೇಲೆ 1948, 1950, 1951, 1953ರಲ್ಲಿ ಯು.ಎಸ್. ಓಪನ್ ಗೆದ್ದರು, ನಿಜ. ಲೀ ಟ್ರೆವಿನೋ ಫೇಡನ್ನೇ ನಂಬಿ ಆರು ಮೇಜರ್ (ಅತಿ ದೊಡ್ಡ ಪಂದ್ಯ) ಗೆದ್ದರು, ಅದೂ ನಿಜ. ಆದರೆ ದಕ್ಷಿಣ ಆಫ್ರಿಕಾದ ಬಾಬಿ ಲಾಕ್ ಪ್ರತಿಯೊಂದು ಚೆಂಡನ್ನೂ ಬಲದಿಂದ ಎಡಕ್ಕೆ ತಿರುಗಿಸಿಯೇ 1949ರಿಂದ 1957ರೊಳಗೆ ನಾಲ್ಕು ಸಲ ಬ್ರಿಟಿಷ್ ಓಪನ್ ಗೆದ್ದರು. ಬ್ರೂಸ್ ಲೀಟ್ಸ್‌ಕಿ ಅಭ್ಯಾಸ ಕಡಿಮೆ ಮಾಡ್ತಿದ್ದವರು ಅಂತಲೇ ಹೆಸರು. ಒಂದೇ ಒಂದು ಫೇಡ್ ಇಟ್ಕೊಂಡು ಪಿಜಿಎ ಟೂರ್‌ನಲ್ಲಿ 13 ಪಂದ್ಯ ಗೆದ್ದರು. ಇವರೆಲ್ಲರಲ್ಲೂ ಸಮಾನವಾಗಿದ್ದದ್ದು ಒಂದೇ: ಚೆಂಡು ಯಾವ ಕಡೆ ತಿರುಗೋದಿಲ್ಲ ಅನ್ನೋದು ಅವರಿಗೆ ಖಚಿತವಾಗಿ ಗೊತ್ತಿತ್ತು.

ಇದರ ಲೆಕ್ಕ ಸರಳ. ನೇರ ಹೊಡೆಯೋಕೆ ಹೋಗಿ 25 ಯಾರ್ಡಿನ ನಡುವಿಗೆ ಗುರಿ ಇಟ್ಟರೆ ತಪ್ಪೋಕೆ ಎರಡೂ ಕಡೆ ಹನ್ನೆರಡೂವರೆ ಯಾರ್ಡ್ ಮಾತ್ರ. ಚೆಂಡು ಬಲಕ್ಕೇ ತಿರುಗುತ್ತೆ ಅಂತ ಗೊತ್ತಿದ್ದರೆ ಎಡ ಅಂಚಿನ ಹತ್ತಿರ ಹೊರಡಿಸಬಹುದು, ಹೆಚ್ಚುಕಡಿಮೆ ಪೂರ್ತಿ ಅಗಲ ನಿಮ್ಮದು.

ಈಗ "ಯಾಕೆ" ಅನ್ನೋದು. ಚೆಂಡು ಹೊರಡೋ ದಿಕ್ಕನ್ನ ಬಹುಪಾಲು ನಿರ್ಧರಿಸೋದು ತಾಗೋ ಕ್ಷಣದಲ್ಲಿ ಕ್ಲಬ್‌ಫೇಸ್ (ಚೆಂಡಿಗೆ ತಾಗೋ ಮುಖ) ಎತ್ತ ನೋಡ್ತಿದೆ ಅನ್ನೋದು: ಐರನ್‌ನಲ್ಲಿ ಸುಮಾರು 75%, ಡ್ರೈವರ್‌ನಲ್ಲಿ (ಅತಿ ದೂರ ಹೊಡೆಯೋ ಕ್ಲಬ್) ಸುಮಾರು 85%. ಉಳಿದದ್ದು ಸ್ವಿಂಗ್ ಪಾತ್, ಅಂದರೆ ತಾಗೋವಾಗ ಕ್ಲಬ್ ಸಾಗೋ ದಿಕ್ಕು. ತಿರುವು ಬರೋದು ಫೇಸಿಗೂ ಪಾತಿಗೂ ಇರೋ ವ್ಯತ್ಯಾಸದಿಂದ. ಪಾತ್ ಗುರಿಗಿಂತ 4 ಡಿಗ್ರಿ ಎಡಕ್ಕೆ, ಫೇಸ್ 2 ಡಿಗ್ರಿ ಎಡಕ್ಕೆ ಇದ್ದರೆ ಚೆಂಡು ಎರಡೂವರೆ ಡಿಗ್ರಿ ಎಡಕ್ಕೆ ಹೊರಟು ಬಲಕ್ಕೆ ವಾಪಸ್ ಬರುತ್ತೆ. 150 ಯಾರ್ಡಿಗೆ ಒಂದು ಡಿಗ್ರಿ ಅಂದರೆ 2.6 ಯಾರ್ಡ್. ಅಂದರೆ ಆರೂವರೆ ಯಾರ್ಡ್ ಎಡಕ್ಕೆ ಹೊರಡಬೇಕು.

"ಫೇಸ್ ಗುರಿಗೆ, ಕಾಲು ಎಡಕ್ಕೆ, ಕಾಲಿನ ಗೆರೆಯಲ್ಲಿ ಸ್ವಿಂಗ್" ಅನ್ನೋ ಹಳೇ ಪಾಠ ಇಲ್ಲೇ ಎಡವೋದು. ಫೇಸ್ ಗುರಿಯನ್ನೇ ನೋಡ್ತಿದ್ದರೆ ಚೆಂಡು ಹೆಚ್ಚುಕಡಿಮೆ ಗುರಿಯತ್ತಲೇ ಹೊರಟು ಅಲ್ಲಿಂದ ಬಲಕ್ಕೆ ಓಡಿಹೋಗುತ್ತೆ. ನಿಮ್ಮ ಫೇಡ್ ಮರದೊಳಗೆ ಹೋಗ್ತಿದ್ದರೆ ಮೊದಲು ಇದನ್ನ ನೋಡಿ. ತಿರುವು ಜಾಸ್ತಿ ಆಯ್ತು ಅಂತ ಸ್ವಿಂಗ್ ಕೆಡಿಸ್ಕೊಳ್ಳೋರು ತುಂಬಾ ಜನ. ಎಷ್ಟೋ ಸಲ ತಿರುವು ಸರಿಯಾಗೇ ಇರುತ್ತೆ, ಹೊರಟ ದಿಕ್ಕು ತಪ್ಪಿರುತ್ತೆ.

ರೇಂಜ್ ಮಾಸ್ಟರ್

ಮೇಲಿನ ಲೆಕ್ಕವನ್ನ ನೆಲದ ಮೇಲೆ ಇಳಿಸೋದು ಹೀಗೆ.

7 ಐರನ್ನಿಂದ ಶುರು ಮಾಡಿ. ವೆಡ್ಜ್‌ನಲ್ಲಿ (ಹತ್ತಿರದ ಶಾಟಿನ ಕ್ಲಬ್) ಲಾಫ್ಟ್ (ಫೇಸಿನ ಓರೆ) ಹೆಚ್ಚು, ಬ್ಯಾಕ್‌ಸ್ಪಿನ್ ಹೆಚ್ಚು, ಹಾಗಾಗಿ ತಿರುವು ಕಣ್ಣಿಗೆ ಕಾಣೋದೇ ಇಲ್ಲ. ಡ್ರೈವರ್‌ನಲ್ಲಿ ಎಲ್ಲ ತಪ್ಪೂ ದೊಡ್ಡದಾಗಿ ಕಾಣುತ್ತೆ, ಕಲಿಯೋನಿಗೆ ಗಾಬರಿ.

ಒಂದು ಅಲೈನ್‌ಮೆಂಟ್ ಕಡ್ಡಿಯನ್ನ ಚೆಂಡಿನಿಂದ 4 ಮೀಟರ್ ಮುಂದೆ, ಸರಿಯಾಗಿ ಗುರಿಯ ಗೆರೆ ಮೇಲೆ ನೆಲಕ್ಕೆ ಚುಚ್ಚಿ ನಿಲ್ಲಿಸಿ. ಚೆಂಡು ಆ ಕಡ್ಡಿಯ ಎಡಕ್ಕೆ, ಒಂದು ಗೇಣಿಗಿಂತ ತುಸು ಕಡಿಮೆ ದೂರದಲ್ಲಿ ಹಾದುಹೋಗಬೇಕು. ಎರಡೂವರೆ ಡಿಗ್ರಿ ಅಂದರೆ 4 ಮೀಟರಿನಲ್ಲಿ 17–18 ಸೆಂ.ಮೀ. ಅಷ್ಟೇ. ನೋಡೋಕೆ ಏನೂ ಅಲ್ಲ ಅನ್ನಿಸುತ್ತೆ. ಹಾಗಾಗಿಯೇ ಜನ ಮೊಳಗಟ್ಟಲೆ ಎಡಕ್ಕೆ ಗುರಿ ಇಟ್ಟು ಕೆಡಿಸ್ತಾರೆ.

ನಿಲ್ಲೋ ಕ್ರಮ ಮುಖ್ಯ. ಮೊದಲು ಕ್ಲಬ್‌ಫೇಸನ್ನ ಗುರಿಗಿಂತ ಸ್ವಲ್ಪ ಎಡಕ್ಕೆ ಇಡಿ. ಗುರಿ ಗ್ರೀನ್ (ಕುಳಿ ಇರೋ ನುಣುಪು ಹುಲ್ಲಿನ ಜಾಗ) ಆದರೆ ಧ್ವಜ ಬಿಟ್ಟು ಗ್ರೀನಿನ ಎಡ ಅಂಚು. ಆಮೇಲೆ ಗ್ರಿಪ್ ಹಿಡೀರಿ. ಕೊನೆಗೆ ಪಾದ, ಸೊಂಟ, ಭುಜ ಮೂರನ್ನೂ ಫೇಸಿಗಿಂತ ಇನ್ನೂ 2 ಡಿಗ್ರಿ ಎಡಕ್ಕೆ ತನ್ನಿ. ಗ್ರಿಪ್ ಹಿಡಿದ ಮೇಲೆ ಮಣಿಕಟ್ಟು ತಿರುಗಿಸಿ ಫೇಸ್ ತೆರೆಯೋದು ಬೇಡ. ಸ್ವಿಂಗ್ ಕೆಳಗಿಳಿಯೋವಾಗ ಕೈ ತನ್ನ ಸಹಜ ಜಾಗಕ್ಕೇ ಮರಳುತ್ತೆ, ನೀವು ತೆರೆದದ್ದೆಲ್ಲ ಅಲ್ಲೇ ಮುಚ್ಚಿಹೋಗುತ್ತೆ.

ಚೆಂಡು ನಿಮ್ಮ ಮಾಮೂಲಿ ಜಾಗಕ್ಕಿಂತ ಅರ್ಧ ಚೆಂಡು ಮುಂದೆ. ಎಡಗೈಯ ಕೊನೇ ಮೂರು ಬೆರಳು ಬಿಗಿ, ಬಲಗೈ ಹಗುರ. ಬ್ಯಾಕ್‌ಸ್ವಿಂಗ್ ಮುಕ್ಕಾಲು, ವೇಗ ನಿಮ್ಮ ಪೂರ್ತಿಯ 80%. ಚೆಂಡು ತಾಗಿದ ಮೇಲೂ ಎದೆ ತಿರುಗ್ತಾನೇ ಇರಬೇಕು, ಇದೊಂದೇ ಸ್ವಿಂಗಿನ ಯೋಚನೆ ಸಾಕು. ಚೆಂಡು ದಾಟಿ ಕೈ ಸೊಂಟದ ಎತ್ತರಕ್ಕೆ ಬಂದಾಗ ನಿಲ್ಲಿಸಿ ನೋಡಿ: ಕ್ಲಬ್ಬಿನ ಟೋ (ಹೊರ ತುದಿ) ಮೇಲಕ್ಕೆ ನೋಡಬೇಕು. ಫೇಸ್ ನೆಲ ನೋಡ್ತಿದ್ದರೆ ಮಣಿಕಟ್ಟು ಮಗುಚಿದೆ, ಆ ಚೆಂಡು ಎಡಕ್ಕೆ ಹೋಗಿರುತ್ತೆ.

ಮೊದಲ ಎರಡು ವಾರ ಸೊಂಟದಿಂದ ಸೊಂಟಕ್ಕೆ ಅರ್ಧ ಸ್ವಿಂಗ್ ಮಾತ್ರ, 40–50 ಯಾರ್ಡ್. ಆ ದೂರದಲ್ಲಿ ತಿರುವು ಕಾಣೋದಿಲ್ಲ, ಕಾಣೋದೂ ಬೇಡ. ಕಡ್ಡಿಯ ಯಾವ ಪಕ್ಕ ಹೋಯ್ತು ಅಂತ ಮಾತ್ರ ನೋಡಿ. ಹತ್ತರಲ್ಲಿ ಎಂಟು ಎಡಪಕ್ಕದಲ್ಲಿ ಹೋಗೋವರೆಗೂ ಸ್ವಿಂಗ್ ಉದ್ದ ಮಾಡಬೇಡಿ. ಆಮೇಲೆ ಮುಕ್ಕಾಲು ಸ್ವಿಂಗ್, ಅದಾದ ಮೇಲೆ 4 ಅಥವಾ 5 ಹೈಬ್ರಿಡ್ (ಐರನ್, ವುಡ್ ಎರಡರ ನಡುವಿನ ಕ್ಲಬ್). ಟೀ ಮೇಲೆ ಹೈಬ್ರಿಡ್ ಹೊಡೆಯೋವಾಗ ಚೆಂಡು ಹುಲ್ಲಿನ ಮೇಲೆ ಒಂದು ಸೆಂ.ಮೀ. ಎತ್ತರದಲ್ಲಿದ್ದರೆ ಸಾಕು. ಎತ್ತರ ಹೆಚ್ಚಾದರೆ ಫೇಸಿನ ಮೇಲ್ಭಾಗಕ್ಕೆ ತಾಗಿ ದೂರ ಸಾಯುತ್ತೆ.

ಹದಿನೆಂಟನೇ ಟೀ

ತುಂಬಾ ಉಪಯೋಗ ಆಯ್ತು ಮಾಸ್ಟರ್. ಒಂದು ಅನುಮಾನ. ಎಡಕ್ಕೆ ನಿಂತಾಗ ಹತ್ತರಲ್ಲಿ ಎರಡೋ ಮೂರೋ ಚೆಂಡು ಎಡಕ್ಕೆ ಹೊರಟು ಇನ್ನೂ ಎಡಕ್ಕೇ ತಿರುಗುತ್ತೆ. ಈ ಹೋಲ್‌ನಲ್ಲಿ ಅದು ನೇರ ಓ.ಬಿ. ಇದು ಯಾಕೆ?

ಡಿವಟ್ ಓದುಗ

ಡಬಲ್ ಕ್ರಾಸ್. ಫೇಡ್ ಆಡೋರ ದೊಡ್ಡ ಶತ್ರು. ಫೇಸು ಪಾತಿಗಿಂತ ಎಡಕ್ಕೆ ಬಂದುಬಿಟ್ಟಿದೆ ಅಂತ ಅರ್ಥ. ಅದಕ್ಕೆ ದಾರಿ ಮೂರು.

ಸಾಮಾನ್ಯವಾದದ್ದು ಕಣ್ಣಿನದು. ಮೈ ಎಡಕ್ಕೆ ನಿಂತಿರುತ್ತೆ, ಮನಸ್ಸು ಮಾತ್ರ ಫೇರ್‌ವೇ ನಡುವೆಯೇ ಇರುತ್ತೆ. ಕೆಳಗಿಳಿಯೋವಾಗ ಕೈ ಗುರಿಯ ಕಡೆಗೇ ಹೊರಳುತ್ತೆ. ಪಾತ್ ಬಲಕ್ಕೆ ಬಂತು, ಫೇಸ್ ಎಡಕ್ಕೇ ಇದೆ, ಇನ್ನೇನು ಹುಕ್. ಪರೀಕ್ಷೆ: ಡಿವಟ್ (ಕ್ಲಬ್ ಹುಲ್ಲು ಕಿತ್ತ ಗುರುತು) ನೋಡಿ. ಅದರ ಗೆರೆ ನಿಮ್ಮ ಪಾದದ ಗೆರೆಗೆ ಸಮಾನಾಂತರ ಇರಬೇಕು. ಗುರಿಯನ್ನೋ ಅದರ ಬಲವನ್ನೋ ತೋರಿಸ್ತಿದ್ದರೆ ಇದೇ ಕಾಯಿಲೆ. ಮದ್ದು: ಚೆಂಡಿನಿಂದ ಒಂದು ಮೀಟರ್ ಮುಂದೆ, ಹೊರಡಬೇಕಾದ ಗೆರೆ ಮೇಲೆ ಒಂದು ಒಣ ಎಲೆಯನ್ನೋ ಹಳೇ ಡಿವಟ್ ಗುರುತನ್ನೋ ಆರಿಸ್ಕೊಂಡು ಅದರ ಮೇಲೆ ಹೊಡೀರಿ. ನಿಂತ ಮೇಲೆ ಧ್ವಜ ನೋಡೋದು ಒಂದೇ ಸಲ.

ಎರಡನೇದು ಎದೆ ನಿಂತುಹೋಗೋದು. ಒತ್ತಡದಲ್ಲಿ ಕಾಲು ನಿಧಾನ ಆಗುತ್ತೆ, ಮೈ ತಿರುಗೋದು ನಿಲ್ಲುತ್ತೆ, ಕೈ ಮುಂದೆ ಹೋಗಿ ಮಗುಚುತ್ತೆ. ಇದಕ್ಕೆ 9 ಐರನ್ನಿನಲ್ಲಿ ಫಿನಿಶ್ (ಸ್ವಿಂಗಿನ ಕೊನೇ ಭಂಗಿ) ಹಿಡಿದು ಮೂರು ಎಣಿಸೋ ಅಭ್ಯಾಸ ಒಳ್ಳೇದು. ಬೆಲ್ಟಿನ ಬಕಲ್ ಗುರಿಗಿಂತ ಎಡಕ್ಕೆ ನೋಡ್ತಿರಬೇಕು, ತೂಕವೆಲ್ಲ ಎಡ ಹಿಮ್ಮಡಿ ಮೇಲೆ.

ಮೂರನೇದು ಚೆಂಡು ತಾಗಿದ ಜಾಗ. ಡ್ರೈವರ್, ಫೇರ್‌ವೇ ವುಡ್‌ಗಳಲ್ಲಿ ಟೋ ಕಡೆ ತಾಗಿದರೆ ಗೇರ್ ಎಫೆಕ್ಟಿನಿಂದ ಚೆಂಡಿಗೆ ಎಡಕ್ಕೆ ತಿರುಗೋ ಸ್ಪಿನ್ ಬರುತ್ತೆ, ಹೀಲ್ (ಹಿಡಿಕೆ ಕಡೆಯ ತುದಿ) ಕಡೆ ತಾಗಿದರೆ ಬಲಕ್ಕೆ. ಹೈಬ್ರಿಡ್‌ನಲ್ಲಿ ಸ್ವಲ್ಪ ಕಡಿಮೆ, ಇದ್ದೇ ಇದೆ. ಸ್ವಿಂಗ್ ಎಷ್ಟೇ ಚೆನ್ನಾಗಿದ್ದರೂ ಟೋ ಮೇಲೆ ತಾಗಿದರೆ ಫೇಡ್ ಸತ್ತಹಾಗೆ. ವೈಟ್‌ಬೋರ್ಡ್ ಮಾರ್ಕರ್‌ನಲ್ಲಿ ಚೆಂಡಿನ ಹಿಂಬದಿಗೆ ದಪ್ಪ ಚುಕ್ಕಿ ಇಟ್ಟು ಹೊಡೀರಿ, ಫೇಸಿನ ಮೇಲೆ ಗುರುತು ಮೂಡುತ್ತೆ. ಐದು ಚೆಂಡಿಗೇ ಕಥೆ ಗೊತ್ತಾಗುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತೆ.

ಹೈಬ್ರಿಡ್ ಅಕ್ಕ

ಎಲ್ಲರೂ ಫೇಡಿನ ಹಿಂದೆ ಬೀಳೋ ಮುಂಚೆ ಒಂದು ಮಾತು. ಡ್ರೈವರ್ ಕ್ಯಾರಿ (ಚೆಂಡು ಗಾಳಿಯಲ್ಲೇ ಹೋಗೋ ದೂರ) 170 ಯಾರ್ಡಿಗಿಂತ ಕಡಿಮೆ ಇರೋರು, ಅಂದರೆ ಎಷ್ಟೋ ಮಹಿಳೆಯರು, 60 ದಾಟಿದವರು, ಈ ಫೇಡನ್ನ ಹಾಗೇ ಎತ್ತಿಕೊಂಡರೆ ನಷ್ಟ. ಫೇಡ್‌ನಲ್ಲಿ ತಾಗೋವಾಗ ಲಾಫ್ಟ್ ಸ್ವಲ್ಪ ಹೆಚ್ಚುತ್ತೆ, ಸ್ಪಿನ್ ಹೆಚ್ಚುತ್ತೆ, ಬಿದ್ದ ಮೇಲೆ ಓಟ ಕಡಿಮೆ. ವೇಗ ಇರೋರಿಗೆ ಅದು ಹಿಡಿತ, ನಿಧಾನ ಸ್ವಿಂಗಿನವರಿಗೆ 10–15 ಯಾರ್ಡ್ ಕೈಬಿಟ್ಟಂತೆ. ಇವರಿಗೆ ಸಣ್ಣ ಡ್ರಾ ಅಥವಾ ನೇರಕ್ಕೆ ಹತ್ತಿರದ ಶಾಟೇ ವಾಸಿ.

ಕ್ರಮ ಅದೇ, ದಿಕ್ಕು ತಿರುವುಮುರುವು. ಫೇಸ್ ಗುರಿಗಿಂತ ಒಂದೂವರೆ–ಎರಡು ಡಿಗ್ರಿ ಬಲಕ್ಕೆ, ಪಾದ ಅದಕ್ಕಿಂತ ಇನ್ನೂ ಬಲಕ್ಕೆ, ಚೆಂಡು ಅರ್ಧ ಚೆಂಡು ಹಿಂದೆ. ಮೇಲಿಂದ ನೋಡಿದಾಗ ಎಡಗೈಯಲ್ಲಿ ಎರಡರಿಂದ ಎರಡೂವರೆ ಗೆಣ್ಣು ಕಾಣಬೇಕು. ಮೂರೂವರೆ ಕಂಡರೆ ಅದು ಹುಕ್ಕಿನ ಗ್ರಿಪ್, ಚೆಂಡು ಕೆಳಗೇ ಹೋಗಿ ಎಡಕ್ಕೆ ಓಡುತ್ತೆ.

ಇನ್ನೊಂದು: ಕೈಹಿಡಿಯೋ ಶಾಟ್ ಟೀಯಿಂದಲೇ ಇರಬೇಕು ಅಂತೇನಿಲ್ಲ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದರು, ಪದಕ ತಪ್ಪಿದ್ದು ಒಂದೇ ಒಂದು ಸ್ಟ್ರೋಕಿನಲ್ಲಿ. ಆ ಪಂದ್ಯದಲ್ಲಿ ಟೀಯಿಂದ ಅತಿ ಕಡಿಮೆ ದೂರ ಹೊಡೆದವರ ಸಾಲಿನಲ್ಲಿ ಅವರಿದ್ದರು. ಬೇರೆಯವರು ಐರನ್ ಹಿಡಿಯೋ ಕಡೆ ಅವರು ಹೈಬ್ರಿಡ್, ಫೇರ್‌ವೇ ವುಡ್ ಹಿಡಿದು ಗ್ರೀನಿಗೆ ಹೊಡೆದು, ಪಟ್ಟರ್‌ನಲ್ಲಿ ಉಳಿಸಿಕೊಂಡರು. ನಿಧಾನ ಸ್ವಿಂಗಿನವರು ಮೊದಲು ಕಟ್ಟಬೇಕಾದದ್ದು ಆ ಎರಡನೇ ಶಾಟ್. ಬ್ಯಾಗಿನಲ್ಲಿ 4, 5 ಐರನ್ ಇಟ್ಕೊಂಡು ಒದ್ದಾಡೋ ಬದಲು 7 ವುಡ್ ಹಾಕ್ಕೊಳ್ಳಿ. ಅದೇ ದೂರ, ಎತ್ತರ ಹೆಚ್ಚು, ಗ್ರೀನ್ ಮೇಲೆ ನಿಲ್ಲುತ್ತೆ. 14 ಕ್ಲಬ್ಬಿನ ಮಿತಿಯೊಳಗೇ ಆಗೋ ಬದಲಾವಣೆ ಇದು.

ಎಡಗೈ ಗ್ಲೌವ್

ಅಕ್ಕ ಹೇಳಿದ್ದು ಸರಿ. ಇದಕ್ಕೆ ಇನ್ನೊಂದು ಸೇರಿಸ್ತೀನಿ. ಹೈಬ್ರಿಡ್ ಹೊಡೆದರೆ ಯಾವಾಗಲೂ ಸುರಕ್ಷಿತ ಅನ್ನೋ ನಂಬಿಕೆ ಪೂರ್ತಿ ಸರಿಯಲ್ಲ. 410 ಯಾರ್ಡಿನ ಪಾರ್ 4ರಲ್ಲಿ (ನಾಲ್ಕು ಹೊಡೆತದ ಹೋಲ್) ಟೀಯಿಂದ 190 ಹೊಡೆದರೆ ಉಳಿಯೋದು 220. ಆ ಎರಡನೇ ಶಾಟ್ ಡ್ರೈವರ್‌ಗಿಂತ ಕಷ್ಟ. ಅಲ್ಲಿ ಡ್ರೈವರನ್ನೇ ಒಂದು ಇಂಚು ಕೆಳಗೆ ಹಿಡಿದು, ಇದೇ ಮುಕ್ಕಾಲು ಫೇಡ್ ಹೊಡೆಯೋದು ಮೇಲು.

ತೀರ್ಮಾನಕ್ಕೆ ನನ್ನ ಅಳತೆ ಇದು: ಡ್ರೈವರ್ ಬೀಳೋ ಜಾಗದಲ್ಲಿ ಎರಡೂ ಕಡೆ ದಂಡದ ಜಾಗ ಇದ್ದು, ನಡುವಿನ ಅಗಲ ನಿಮ್ಮ ಡ್ರೈವರ್ ಚೆಂಡುಗಳು ಹರಡೋ ಅಗಲಕ್ಕಿಂತ ಕಡಿಮೆ ಇದ್ದರೆ ಕ್ಲಬ್ ಇಳಿಸಿ. ಒಂದೇ ಕಡೆ ದಂಡ, ಇನ್ನೊಂದು ಕಡೆ ಬರೀ ಮರ ಅಥವಾ ರಫ್ (ಉದ್ದ ಹುಲ್ಲು) ಇದ್ದರೆ ಡ್ರೈವರ್ ಯೋಚಿಸಬಹುದು. ಓ.ಬಿ. ಅಂದರೆ ಸ್ಟ್ರೋಕ್ ಅಂಡ್ ಡಿಸ್ಟನ್ಸ್ (ಒಂದು ದಂಡ, ಮತ್ತೆ ಮೊದಲಿನ ಜಾಗದಿಂದಲೇ ಹೊಡೆಯೋದು), ಹೆಚ್ಚುಕಡಿಮೆ ಎರಡು ಶಾಟ್ ಹೋಯ್ತು. ಕೆಲವು ಕ್ಲಬ್‌ಗಳು ಮಾದರಿ ಸ್ಥಳೀಯ ನಿಯಮ ಇ-5 ಜಾರಿ ಮಾಡಿರ್ತವೆ, ಅಲ್ಲಿ ಎರಡು ದಂಡ ತಗೊಂಡು ಫೇರ್‌ವೇ ಅಂಚಿನಲ್ಲಿ ಡ್ರಾಪ್ ಮಾಡಬಹುದು. ಸ್ಕೋರ್‌ಕಾರ್ಡ್ ಹಿಂಬದಿ ನೋಡ್ಕೊಳ್ಳಿ.

2006ರಲ್ಲಿ ಹೊಯ್‌ಲೇಕ್‌ನಲ್ಲಿ ಟೈಗರ್ ವುಡ್ಸ್ ನಾಲ್ಕು ದಿನದಲ್ಲಿ ಒಂದೇ ಸಲ ಡ್ರೈವರ್ ತೆಗೆದು ಬ್ರಿಟಿಷ್ ಓಪನ್ ಗೆದ್ದರು ಅಂತ ಎಲ್ಲರೂ ಉದಾಹರಣೆ ಕೊಡ್ತಾರೆ. ಅಲ್ಲಿ ನೆಲ ಬೇಸಿಗೆಗೆ ಒಣಗಿ ಗಟ್ಟಿಯಾಗಿತ್ತು, ಕೆಳಗೆ ಹೊಡೆದ ಐರನ್ ಚೆಂಡು ಬಿದ್ದ ಮೇಲೂ ಬಹಳ ದೂರ ಓಡ್ತಿತ್ತು. ಜುಲೈ ಮಳೆಯಲ್ಲಿ ನೆನೆದ ಬೆಂಗಳೂರು ಫೇರ್‌ವೇ ಮೇಲೆ ಅದೇ ಶಾಟ್ ಬಿದ್ದಲ್ಲೇ ಕೂರುತ್ತೆ. ಅದೇ 1876ರ ಬೆಂಗಳೂರು ಗಾಲ್ಫ್ ಕ್ಲಬ್ ಥರ ಊರಿನ ನಡುವೆ ಇರೋ ಚಿಕ್ಕ, ಇಕ್ಕಟ್ಟಾದ ಕೋರ್ಸಿನಲ್ಲಿ ಟೀಯಿಂದ ಹೈಬ್ರಿಡ್ ಹಿಡಿಯೋದು ಹಿಂಜರಿಕೆಯೇನಲ್ಲ, ಸರಿಯಾದ ಲೆಕ್ಕ.

ಪಿಲಿಕುಳ ಗಾಳಿ

ಗಾಳಿಯ ವಿಷಯ ಯಾರೂ ಎತ್ತಲಿಲ್ಲವಲ್ಲ ಮಾರಾಯ್ರೆ. ಮರದ ಮಧ್ಯೆ ಆಡುವವರಿಗೆ ಸರಿ, ಕರಾವಳಿ ಕಡೆ ಬಂದರೆ ಎತ್ತರದ ಫೇಡ್ ಒಂದನ್ನೇ ನಂಬಿಕೊಂಡರೆ ಆಗುವುದಿಲ್ಲ.

ಬಲದಿಂದ ಎಡಕ್ಕೆ ಬೀಸುವ ಗಾಳಿಯಲ್ಲಿ ಫೇಡ್ ಹೊಡೆದರೆ ಚೆಂಡು ಗಾಳಿಗೆ ಎದುರು ನಿಂತು ಹೆಚ್ಚುಕಡಿಮೆ ನೇರ ಹೋಗುತ್ತದೆ, ದೂರ ಕಡಿಮೆಯಾಗುತ್ತದೆ, ಬಿದ್ದಲ್ಲಿ ನಿಲ್ಲುತ್ತದೆ. ಎಡದಿಂದ ಬಲಕ್ಕೆ ಗಾಳಿ ಇದ್ದರೆ ತಿರುವು ಎರಡು ಪಾಲು ಆಗುತ್ತದೆ. ಹಾಗಂತ ಇನ್ನೂ ಎಡಕ್ಕೆ, ಓ.ಬಿ. ಮೇಲೆ ಹೊರಡಿಸಬೇಡಿ. ಆಗ ಕೆಳಗಿನ ಶಾಟ್ ಬೇಕು, ನಾಕ್‌ಡೌನ್.

150 ಯಾರ್ಡಿಗೆ 7 ಐರನ್ ಹೊಡೆಯುವವರು 6 ಅಥವಾ 5 ತೆಗೆದುಕೊಳ್ಳಿ. ಒಂದು ಇಂಚು ಕೆಳಗೆ ಹಿಡಿಯಿರಿ. ಚೆಂಡು ಮಾಮೂಲಿಗಿಂತ ಒಂದು ಚೆಂಡಿನಷ್ಟು ಹಿಂದೆ, ತೂಕ 60% ಎಡಗಾಲಿನಲ್ಲಿ, ಅದು ಕೊನೆಯವರೆಗೂ ಅಲ್ಲೇ ಇರಲಿ. ಎಡ ಮುಂಗೈ ನೆಲಕ್ಕೆ ಸಮನಾಗುವಷ್ಟೇ ಬ್ಯಾಕ್‌ಸ್ವಿಂಗ್, ಫಿನಿಶ್ ಎದೆಯೆತ್ತರಕ್ಕೆ. ಬಲ ಹಾಕಲೇಬಾರದು. ಎದುರುಗಾಳಿ ಅಂತ ಜೋರಾಗಿ ಹೊಡೆದರೆ ವೇಗದ ಜೊತೆ ಬ್ಯಾಕ್‌ಸ್ಪಿನ್ನೂ ಏರುತ್ತದೆ, ಚೆಂಡು ಮೇಲಕ್ಕೆ ಉಬ್ಬಿ ಅಲ್ಲೇ ಉದುರುತ್ತದೆ. ಚೆಂಡನ್ನು ತೀರಾ ಬಲಪಾದದ ಹತ್ತಿರ ಇಟ್ಟರೆ ಕ್ಲಬ್ ನೆಟ್ಟಗೆ ಇಳಿದು ಮಣ್ಣಿಗೆ ಕಚ್ಚುತ್ತದೆ, ಫೇಸ್ ಕೂಡ ಬಲಕ್ಕೆ ತೆರೆದಿರುವಾಗಲೇ ತಾಗುತ್ತದೆ.

ಗಂಟೆಗೆ 16 ಕಿ.ಮೀ. ಎದುರುಗಾಳಿಯಲ್ಲಿ 150 ಯಾರ್ಡನ್ನು 165 ಅಂತ ಎಣಿಸಿ. ಅಷ್ಟೇ ಗಾಳಿ ಹಿಂದಿನಿಂದ ಬಂದರೆ ಸಿಗುವುದು 7–8 ಯಾರ್ಡ್ ಮಾತ್ರ. ಇನ್ನು ಬೆಂಗಳೂರಿನವರಿಗೆ: ನೀವಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ಅಲ್ಲಿನ 150 ಯಾರ್ಡ್ ಮಂಗಳೂರಿನಲ್ಲಿ 145ರ ಹತ್ತಿರ. ಘಟ್ಟ ಇಳಿದು ಬಂದು "ಇವತ್ತು ಎಲ್ಲ ಶಾರ್ಟ್ ಆಗ್ತಿದೆ" ಅಂತ ಸ್ವಿಂಗ್ ತಿದ್ದಲು ಕೂರುವವರು ಬಹಳ. ಅರ್ಧ ಕ್ಲಬ್ ಹೆಚ್ಚು ತೆಗೆದುಕೊಂಡರೆ ಮುಗಿಯಿತು.

ಜೋಳದ ರಫ್

ಭಾಳ ಚಲೋ ಚರ್ಚೆ ನಡದೈತ್ರಿ. ಚೆಂಡು ಎಲ್ಲಿ ಕುಂತೈತಿ ಅನ್ನೋದೂ ನೋಡ್ಬೇಕ್ರಿ.

ರಫ್‌ನ್ಯಾಗ ಫೇಡ್ ಹೊಡೀಲಾಕ ಹೋಗಬ್ಯಾಡ್ರಿ. ಫೇಸಿಗೂ ಚೆಂಡಿಗೂ ನಡುವ ಹುಲ್ಲು ಸಿಕ್ಕೊಂಡ್ರ ಸ್ಪಿನ್ ಹತ್ತಂಗಿಲ್ಲ. ಸ್ಪಿನ್ ಇಲ್ಲಂದ್ರ ತಿರುವೂ ಇಲ್ಲ. ಎಡಕ್ಕ ಹೊಂಟಿದ್ದು ಎಡಕ್ಕೇ ಹೋಗ್ತೈತಿ, ಮ್ಯಾಲ ಹತ್ತು ಯಾರ್ಡ್ ಜಾಸ್ತಿ ಓಡ್ತೈತಿ. ಅಲ್ಲಿ ಗುರಿ ನೇರ ಇಡ್ರಿ. ಮಳ್ಯಾಗ ಫೇಸ್ ಹಸಿ ಇದ್ರೂ ಇದೇ ಹಣೆಬರಹ, ಪ್ರತಿ ಶಾಟಿಗೂ ಮೊದಲು ಒಣ ಅರಿವಿಲೆ ಒರಸ್ರಿ.

ಚೆಂಡು ಪಾದಕ್ಕಿಂತ ಎತ್ತರದಾಗ ಇದ್ರ ಎಡಕ್ಕ ಎಳೀತೈತಿ, ನಿಮ್ಮ ಫೇಡ್ ನೇರ ಆಗ್ತೈತಿ. ಪಾದಕ್ಕಿಂತ ತಗ್ಗಿನ್ಯಾಗ ಇದ್ರ ಬಲಕ್ಕ, ಅಂದ್ರ ಫೇಡ್ ಡಬಲ್. ಲಾಫ್ಟ್ ಜಾಸ್ತಿ ಇದ್ದಷ್ಟೂ ಈ ಎಳೆತ ಜಾಸ್ತಿ. ವೆಡ್ಜ್ ಹಿಡದಾಗ ಮರೀಬ್ಯಾಡ್ರಿ.

ಹದಿನೆಂಟನೇ ಟೀ

ಎಲ್ಲರಿಗೂ ಧನ್ಯವಾದ. ಇನ್ನು ಉಳಿದದ್ದು ಮೂರನೇ ಪ್ರಶ್ನೆ. ರೇಂಜ್‌ನಲ್ಲಿ (ಅಭ್ಯಾಸದ ಮೈದಾನ) ಚೆನ್ನಾಗಿ ಹೋಗೋದು ಕೋರ್ಸಿನಲ್ಲಿ ಹೋಗೋದಿಲ್ಲ ಅನ್ನೋ ದೂರು ಎಲ್ಲರದೂ. ನಂಬಿಕೆಗೆ ಅಳತೆ ಏನು?

ಏಳು ಐರನ್

ರೇಂಜ್ ಮತ್ತು ಕೋರ್ಸ್ ನಡುವಿನ ವ್ಯತ್ಯಾಸಕ್ಕೆ ಕಾರಣ ಅಭ್ಯಾಸದ ರೀತಿಯಲ್ಲೇ ಇದೆ. ಒಂದೇ ಕ್ಲಬ್, ಒಂದೇ ಗುರಿ, ಸಾಲಾಗಿ 50 ಚೆಂಡು ಹೊಡೆದರೆ ಹದಿನೈದನೇ ಚೆಂಡಿನಿಂದಾಚೆ ನಿಮ್ಮ ಮೈ ಹಿಂದಿನ ಚೆಂಡನ್ನ ನೋಡಿ ತಿದ್ದಿಕೊಳ್ತಾ ಹೋಗುತ್ತೆ. ಕೋರ್ಸಿನಲ್ಲಿ ಆ ಶಾಟ್ ಸಿಗೋದು ಇಪ್ಪತ್ತು ನಿಮಿಷಕ್ಕೊಮ್ಮೆ, ಒಂದೇ ಒಂದು ಚೆಂಡು. ಅದಕ್ಕೇ ಬಕೆಟ್ಟಿನ ಮೊದಲ ಮೂರನೇ ಒಂದು ಪಾಲು ಕಡ್ಡಿ ಇಟ್ಟು ಅಭ್ಯಾಸ, ಆಮೇಲೆ ಕಡ್ಡಿ ತೆಗೆದು ಪ್ರತಿ ಚೆಂಡಿಗೂ ಕ್ಲಬ್ ಬದಲಿಸಿ. ಹೈಬ್ರಿಡ್ ಫೇಡ್, ಆಮೇಲೆ ವೆಡ್ಜ್, ಆಮೇಲೆ 8 ಐರನ್, ಮತ್ತೆ ಹೈಬ್ರಿಡ್.

ಕಡ್ಡಿ ತೆಗೆಯೋಕೆ ಇನ್ನೊಂದು ಕಾರಣವೂ ಇದೆ. ರೌಂಡ್‌ನಲ್ಲಿ ನಿಲ್ಲೋ ದಿಕ್ಕು ತೋರಿಸೋಕೆ ನೆಲದ ಮೇಲೆ ಕಡ್ಡಿ, ಕ್ಲಬ್ ಏನನ್ನೂ ಇಡೋ ಹಾಗಿಲ್ಲ, ನಿಯಮ 10.2b. ಅಲ್ಲೇ ಬಿದ್ದಿರೋ ಎಲೆ, ಡಿವಟ್ ಗುರುತು ಬಳಸಬಹುದು. ಹಾಗಾಗಿ ಎಲೆ ಆರಿಸೋದನ್ನೂ ರೇಂಜ್‌ನಲ್ಲೇ ರೂಢಿ ಮಾಡಿ.

ಪರೀಕ್ಷೆ ಹೀಗೆ. ರೇಂಜ್‌ನಲ್ಲಿ 180–190 ಯಾರ್ಡ್ ದೂರದಲ್ಲಿ 25 ಯಾರ್ಡ್ ಅಂತರದ ಎರಡು ಗುರುತು ಆರಿಸಿ: ಕಂಬ, ಮರ, ಫಲಕ ಏನಾದರೂ ಸರಿ. ಹತ್ತು ಹೈಬ್ರಿಡ್ ಚೆಂಡು, ನಡುನಡುವೆ ಬೇರೆ ಕ್ಲಬ್. ಪ್ರತಿ ಸಲ ಹಿಂದೆ ಹೋಗಿ ನಿಂತು, ಎಲೆ ಆರಿಸಿ, ಒಂದು ಅಭ್ಯಾಸ ಸ್ವಿಂಗ್, ನಿಂತು ಹೊಡೀರಿ. 40 ಸೆಕೆಂಡಿನೊಳಗೆ ಹೊಡೆಯೋದು ನಿಯಮ ಪುಸ್ತಕದ್ದೇ ಶಿಫಾರಸು. ಎರಡು ಅಂಕಿ ಬರೀರಿ: ಒಳಗೆ ಬಿದ್ದದ್ದೆಷ್ಟು, ಎಡಕ್ಕೆ ತಿರುಗಿದ್ದೆಷ್ಟು.

ಹತ್ತರಲ್ಲಿ ಏಳು ಒಳಗೆ ಇದ್ದರೆ ಚೆನ್ನಾಗಿದೆ. ಆದರೆ ನನಗೆ ಎರಡನೇ ಅಂಕಿಯೇ ದೊಡ್ಡದು. ಎಡಕ್ಕೆ ತಿರುಗಿದ್ದು ಒಂದಕ್ಕಿಂತ ಹೆಚ್ಚಿದ್ದರೆ ಒಂಬತ್ತು ಚೆಂಡು ಒಳಗೆ ಬಿದ್ದರೂ ಅದನ್ನ ಆ ಹೋಲ್‌ನಲ್ಲಿ ನಂಬಬೇಡಿ. ಬೇರೆ ಬೇರೆ ದಿನ ಮೂರು ಸಲ ಸತತವಾಗಿ ಏಳು ಒಳಗೆ, ಎಡಕ್ಕೆ ಒಂದಕ್ಕಿಂತ ಹೆಚ್ಚಿಲ್ಲ ಅಂತ ಬಂದರೆ ಪಂದ್ಯಕ್ಕೆ ಒಯ್ಯಬಹುದು.

ಮ್ಯಾಟ್ ಬಗ್ಗೆ ಎಚ್ಚರ. ಚೆಂಡಿಗಿಂತ 5 ಸೆಂ.ಮೀ. ಹಿಂದೆ ತಾಗಿದರೂ ಕ್ಲಬ್ ಮ್ಯಾಟ್ ಮೇಲೆ ಜಾರಿ ಚೆಂಡನ್ನ ತಳ್ಳಿಬಿಡುತ್ತೆ, ಶಾಟ್ ಚೆನ್ನಾಗಿದೆ ಅನ್ನಿಸುತ್ತೆ. ಹುಲ್ಲಿನ ಮೇಲೆ ಅದೇ ಶಾಟ್ ನೆಲಕ್ಕೆ ಕಚ್ಚುತ್ತೆ. ಚೆಂಡಿನ ಹಿಂದೆ 10 ಸೆಂ.ಮೀ. ಬಿಟ್ಟು ಮಡಚಿದ ಟವೆಲ್ ಇಡಿ, ಟವೆಲ್ ಅಲ್ಲಾಡಬಾರದು. ಹಳೇ ರೇಂಜ್ ಚೆಂಡುಗಳ ದೂರ, ಸ್ಪಿನ್ ಎರಡೂ ನಿಮ್ಮ ಚೆಂಡಿಗಿಂತ ಬೇರೆ, ಅವುಗಳಿಂದ ಯಾರ್ಡೇಜ್ ಲೆಕ್ಕ ಹಾಕಬೇಡಿ. ಹೊರಟ ದಿಕ್ಕನ್ನ ಮಾತ್ರ ನಂಬಬಹುದು.

ಹದಿನೆಂಟನೇ ಟೀ

ಕೊನೇದಾಗಿ, ಈ ಹೋಲ್‌ನಲ್ಲಿ ಟೀ ಎಲ್ಲಿ ಚುಚ್ಚಬೇಕು? ಎಡಕ್ಕೆ ಓ.ಬಿ. ಇರೋದರಿಂದ ಎಡದಿಂದ ದೂರ ಅಂತ ಬಲಕ್ಕೆ ಗುರಿ ಇಡೋ ಮನಸ್ಸಾಗುತ್ತೆ.

ರೇಂಜ್ ಮಾಸ್ಟರ್

ಬಲಕ್ಕೆ ಗುರಿ ಇಟ್ಟು ಫೇಡ್ ಹೊಡೆದರೆ ಮರದೊಳಗೆ. ಟೀಯನ್ನ ಬಲ ಮಾರ್ಕರ್ ಹತ್ತಿರ ಚುಚ್ಚಿ, ಅಲ್ಲಿಂದ ಎಡಕ್ಕೆ ಹೊರಡಿಸೋಕೆ ಕೋನ ಸಿಗುತ್ತೆ, ತಿರುಗೋಕೆ ಜಾಗವೂ ಸಿಗುತ್ತೆ. ಚೆಂಡು ಮಾರ್ಕರ್‌ಗಳ ಒಳಗಿದ್ದರೆ ಸಾಕು, ನಿಮ್ಮ ಕಾಲು ಹೊರಗಿದ್ದರೂ ತಪ್ಪಿಲ್ಲ. ಹಿಂದಕ್ಕೆ ಎರಡು ಕ್ಲಬ್ ಉದ್ದದವರೆಗೆ ಜಾಗ ಇದೆ, ಪಾದ ಮತ್ತು ಚೆಂಡು ಒಂದೇ ಮಟ್ಟದಲ್ಲಿರೋ ಕಡೆ ಹುಡುಕಿ. ಟೀ ಬಾಕ್ಸಿನಲ್ಲೂ ಇಳಿಜಾರು ಇರುತ್ತೆ.

ಹೊರಡೋ ಗೆರೆಗೆ ಒಂದೇ ನಿಬಂಧನೆ: ಚೆಂಡು ತಿರುಗದೆ ನೇರ ಹೋದರೂ ಆಟದಲ್ಲಿ ಇರಬೇಕು. ನಿಮ್ಮ ಹೋಲ್‌ನಲ್ಲಿ ಫೇರ್‌ವೇ ಎಡ ಅಂಚಿನಿಂದ 5 ಯಾರ್ಡ್ ಒಳಗೆ ಗೆರೆ ಹಿಡೀರಿ. ಮಾಮೂಲಿ 8 ಯಾರ್ಡ್ ತಿರುಗಿದರೆ ನಡುವೆ. ತಿರುಗದಿದ್ದರೆ ಎಡ ಅಂಚಿನಲ್ಲಿ. ಎರಡು ಪಾಲು ತಿರುಗಿ 16 ಯಾರ್ಡ್ ಹೋದರೂ ಬಲ ಅಂಚಿಗೆ ಇನ್ನೂ 4 ಯಾರ್ಡ್ ಉಳಿಯುತ್ತೆ. ಎಡದಿಂದ ಬಲಕ್ಕೆ ಗಾಳಿ ಬೀಸ್ತಿದ್ದರೆ ಗೆರೆ ಬದಲಿಸಬೇಡಿ, ಒಂದು ಇಂಚು ಕೆಳಗೆ ಹಿಡಿದು ಫಿನಿಶ್ ಎದೆಯೆತ್ತರಕ್ಕೆ ನಿಲ್ಲಿಸಿ.